ಸಿಗರೇಟು ಮೊದಲು, ತೂಕ ಆಮೇಲೆ: ಬೀಡಿ-ಸಿಗರೇಟು ಬಿಡುವವರಿಗೆ ಸಮಗ್ರ ಮಾರ್ಗದರ್ಶಿ

"ಬಿಟ್ಟಿದ್ದೆ ಕಣ್ರೀ, ಹೊಟ್ಟೆ ಬರೋಕೆ ಶುರುವಾಯ್ತು, ಮತ್ತೆ ಹಿಡಿದೆ." ಈ ಮಾತು ಬರೀ ನೆಪವಲ್ಲ. ಸಿಗರೇಟು ಬಿಟ್ಟ ಮೊದಲ ವರ್ಷದಲ್ಲಿ ತೂಕ ಸರಾಸರಿ 4ರಿಂದ 5 ಕಿಲೋ ಏರುತ್ತದೆ, ಅದರ ಬಹುಪಾಲು ಮೊದಲ ಮೂರು ತಿಂಗಳಲ್ಲೇ. ಸರಾಸರಿ ಎಂದರೆ ಎಲ್ಲರಿಗೂ ಅಷ್ಟೇ ಎಂದಲ್ಲ. ಕೆಲವರಿಗೆ 10 ಕಿಲೋ ದಾಟುತ್ತದೆ, ಕೆಲವರಿಗೆ ಇಳಿಯುವುದೂ ಉಂಟು.

ಇದಕ್ಕೆ ಹೆದರಿ ಹಲವರು ಸಿಗರೇಟು ಬಿಟ್ಟ ದಿನವೇ ಊಟವನ್ನೂ ಅರ್ಧಕ್ಕೆ ಇಳಿಸುತ್ತಾರೆ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಹಸಿವಿನ ಸಂಕಟ, ಸೇದಬೇಕೆನ್ನುವ ತಲಬು ಎರಡೂ ಒಟ್ಟಿಗೆ ಎದ್ದರೆ ಬೇಗ ಶಮನ ಕೊಡುವುದು ಸಿಗರೇಟೇ. ಎಳೆದ ಹೊಗೆಯ ನಿಕೋಟಿನ್ ಮಿದುಳು ಮುಟ್ಟಲು 10ರಿಂದ 20 ಸೆಕೆಂಡು ಸಾಕು, ಯಾವ ಊಟವೂ ಅಷ್ಟು ಬೇಗ ಸಮಾಧಾನ ಕೊಡದು. ಆದ್ದರಿಂದ ಒಂದಾದ ಮೇಲೊಂದು ಮಾಡಿ. ಒಂದು ವಾರ ತಯಾರಿ, ಎರಡು ವಾರ ಸಿಗರೇಟಿನ ಕೆಲಸ ಮಾತ್ರ, ಮೂರನೇ ವಾರದಿಂದ ತೂಕ.

ಚಟದ ಆಳ ಅಳೆಯುವುದು

ಎರಡೇ ಪ್ರಶ್ನೆ. ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು? ದಿನಕ್ಕೆ ಎಷ್ಟು? ಮೊದಲನೆಯದೇ ಹೆಚ್ಚು ಮುಖ್ಯ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹೀಗಾಗಿ ಬೆಳಗಿನ ಹೊತ್ತಿಗೆ ದೇಹ ಬಹುತೇಕ ಖಾಲಿ. ಎದ್ದ ಅರ್ಧ ಗಂಟೆಯೊಳಗೆ ಬೆಂಕಿ ಹಚ್ಚುವವರಿಗೆ ಬರೀ ಮನೋಬಲದಿಂದ ಬಿಡುವುದು ಕಷ್ಟ, ಔಷಧದ ಆಸರೆ ಬೇಕು. ಎರಡು ಮೂರು ಗಂಟೆ ಆರಾಮಾಗಿ ಇರಬಲ್ಲವರಿಗೆ ಅಭ್ಯಾಸ ಬದಲಿಸುವುದೇ ದೊಡ್ಡ ಕೆಲಸ.

ಎಷ್ಟು ಸೇದುತ್ತೇವೆ ಎಂಬ ಲೆಕ್ಕ ಬಹಳ ಜನರಿಗೆ ತಪ್ಪುತ್ತದೆ. ಬಿಡಿ ಸಿಗರೇಟು ಮಾರುವುದನ್ನು ಕರ್ನಾಟಕದಲ್ಲಿ 2017ರಲ್ಲೇ ನಿಷೇಧಿಸಿದ್ದರೂ ಒಂದೊಂದೇ ಕೊಳ್ಳುವ ರೂಢಿ ಹೋಗಿಲ್ಲ, ಒಂದೊಂದೇ ಕೊಂಡಿದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಮೂರು ದಿನ ಬರೆದಿಡಿ: ಸಮಯ, ಜಾಗ, ಜೊತೆಗಿದ್ದವರು. ಬೀಡಿಯನ್ನು ಸಿಗರೇಟಿಗೆ ಸಮನಾಗಿಯೇ ಎಣಿಸಿ. ಅದರಲ್ಲಿ ತಂಬಾಕು ಕಡಿಮೆ, ನಿಜ. ಆದರೆ ಫಿಲ್ಟರ್ ಇಲ್ಲ, ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಹೀಗಾಗಿ ಒಳಗೆ ಹೋಗುವ ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಕಡಿಮೆಯೇನಲ್ಲ.

ತಯಾರಿಯ ವಾರ

ಎರಡು ವಾರದೊಳಗಿನ ಒಂದು ದಿನ ಗೊತ್ತುಮಾಡಿ. ಮದುವೆ, ಜಾತ್ರೆ, ಆಫೀಸಿನಲ್ಲಿ ವರ್ಷದ ಲೆಕ್ಕ ಮುಗಿಸುವ ವಾರ ಬೇಡ. ಡಿಸೆಂಬರ್ 31ರ ರಾತ್ರಿ ಕುಡಿದು ಜನವರಿ 1ಕ್ಕೆ ಬಿಡುವ ಸಂಕಲ್ಪದಷ್ಟು ಕೆಟ್ಟ ಮುಹೂರ್ತ ಇನ್ನೊಂದಿಲ್ಲ.

ದಿನಕ್ಕೆ ಒಂದೊಂದೇ ಕಡಿಮೆ ಮಾಡುವುದಕ್ಕಿಂತ ಗೊತ್ತುಮಾಡಿದ ದಿನ ಪೂರ್ತಿ ನಿಲ್ಲಿಸುವವರೇ ಸ್ವಲ್ಪ ಹೆಚ್ಚು ಯಶಸ್ವಿಯಾಗುತ್ತಾರೆ. ಕಡಿಮೆ ಮಾಡುತ್ತಾ ಹೋದವರು ಉಳಿದ ನಾಲ್ಕೈದನ್ನು ಇನ್ನಷ್ಟು ಆಳವಾಗಿ ಎಳೆದು ಲೆಕ್ಕ ಸರಿದೂಗಿಸುತ್ತಾರೆ.

ಬರೆದಿಟ್ಟ ಪಟ್ಟಿಯ ಪ್ರತಿ ಸಿಗರೇಟಿನ ಎದುರು ಆ ಹೊತ್ತಿಗೆ ಏನು ಮಾಡುತ್ತೀರಿ ಎಂದು ಬರೆಯಿರಿ. "ಊಟದ ನಂತರ: ಕೂಡಲೇ ಎದ್ದು ಬಾಯಿ ಮುಕ್ಕಳಿಸಿ, ಎರಡು ಲವಂಗ ಬಾಯಿಗೆ ಹಾಕಿ ಹತ್ತು ನಿಮಿಷ ನಡಿಗೆ" ಎನ್ನುವಷ್ಟು ಖಚಿತವಾಗಿರಲಿ. "ಮನಸ್ಸು ಗಟ್ಟಿ ಮಾಡುವುದು" ಎಂದು ಬರೆದರೆ ಬರೆಯದ ಹಾಗೆಯೇ. ಲೈಟರ್, ಆಶ್‌ಟ್ರೇ ಮನೆಯಿಂದ ಹೊರಗೆ ಹೋಗಲಿ. ಬೈಕಿನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್, ಆಫೀಸಿನ ಡ್ರಾಯರ್ ಮರೆಯಬೇಡಿ. "ತುರ್ತಿಗೆ ಇರಲಿ" ಎಂದು ಉಳಿಸಿದ ಒಂದು ಸಿಗರೇಟಿಗೆ ತುರ್ತು ಬಂದೇ ಬರುತ್ತದೆ. ಬೀಡಾ ಅಂಗಡಿಯಲ್ಲಿ ಸಾಲದ ಲೆಕ್ಕವಿದ್ದರೆ ಆ ವಾರವೇ ಚುಕ್ತಾ ಮಾಡಿ, ಆಮೇಲೆ ಆ ಕಡೆ ಹೋಗುವ ಕಾರಣವೇ ಇರಬಾರದು. ಟೀ ಅಂಗಡಿಯನ್ನೂ ಮೂರು ವಾರದ ಮಟ್ಟಿಗೆ ಬದಲಿಸಿ. ಜೊತೆಯಲ್ಲಿ ಸೇದುವ ಗೆಳೆಯರಿಗೆ ಒಂದೇ ಮಾತು ಹೇಳಿ: "ನನಗೆ ಕೊಡಬೇಡಿ, ಕೇಳಿದರೂ ಕೊಡಬೇಡಿ."

ಉಚಿತ ನೆರವೂ ಇದೆ. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ ಸಂಖ್ಯೆ 1800-11-2356. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯ ಒಂದು ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ಬಿಡುವ ದಿನಕ್ಕೆ ಮೊದಲೇ ಒಮ್ಮೆ ಕರೆ ಮಾಡಿಟ್ಟರೆ ಕಷ್ಟದ ದಿನ ಮತ್ತೆ ಕರೆ ಮಾಡಲು ಸಂಕೋಚ ಇರುವುದಿಲ್ಲ.

ನಿಕೋಟಿನ್ ಗಮ್, ಪಟ್ಟಿ (ಪ್ಯಾಚ್), ಮಾತ್ರೆ

ಇವು ಕೆಲಸ ಮಾಡುತ್ತವೆ. "ಗಮ್ ತಿಂದೆ, ಏನೂ ಆಗಲಿಲ್ಲ" ಎನ್ನುವವರಲ್ಲಿ ಬಹುಪಾಲು ಜನ ಅದನ್ನು ಬಬಲ್‌ಗಮ್‌ನಂತೆ ಅಗಿದಿರುತ್ತಾರೆ. ನಿಕೋಟಿನ್ ಹೀರಿಕೊಳ್ಳಬೇಕಾದದ್ದು ಕೆನ್ನೆಯ ಒಳಪದರ. ಜೊಲ್ಲಿನೊಂದಿಗೆ ನುಂಗಿದರೆ ಬಿಕ್ಕಳಿಕೆ, ಎದೆಯುರಿ, ವಾಕರಿಕೆ ಬರುತ್ತದೆಯೇ ಹೊರತು ತಲಬು ತಗ್ಗುವುದಿಲ್ಲ.

ಸರಿಯಾದ ಕ್ರಮ ಇದು. ನಿಧಾನಕ್ಕೆ ಹತ್ತು ಹದಿನೈದು ಸಲ ಅಗಿಯಿರಿ. ಖಾರ ಅಥವಾ ಚುರುಚುರು ಎನಿಸಿದ ಕೂಡಲೇ ನಿಲ್ಲಿಸಿ, ಗಮ್ಮನ್ನು ಕೆನ್ನೆಗೂ ವಸಡಿಗೂ ನಡುವೆ ಇಟ್ಟುಕೊಳ್ಳಿ. ಒಂದು ನಿಮಿಷದಲ್ಲಿ ಖಾರ ಇಳಿಯುತ್ತದೆ, ಆಗ ಮತ್ತೆ ನಾಲ್ಕು ಸಲ ಅಗಿದು ಬಾಯಿಯ ಇನ್ನೊಂದು ಬದಿಯಲ್ಲಿಡಿ. ಹೀಗೆ ಅರ್ಧ ಗಂಟೆ, ಆಮೇಲೆ ಉಗಿಯಿರಿ. ಗಮ್ ಹಾಕುವ ಹದಿನೈದು ನಿಮಿಷ ಮೊದಲಿನಿಂದ ಉಗಿಯುವ ತನಕ ಕಾಫಿ, ನಿಂಬೆ ಪಾನಕ, ಸೋಡಾ, ಮಜ್ಜಿಗೆ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಹೀರುವುದಿಲ್ಲ.

ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿಲಿಗ್ರಾಂ ಗಮ್, ಉಳಿದವರಿಗೆ 2 ಮಿಲಿಗ್ರಾಂ. 2ರದ್ದು ಔಷಧಿ ಅಂಗಡಿಯಲ್ಲಿ ನೇರ ಸಿಗುತ್ತದೆ, 4ಕ್ಕೆ ವೈದ್ಯರ ಚೀಟಿ ಬೇಕು. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ದಿನಕ್ಕೆ 24 ದಾಟಬಾರದು, ಆದರೆ ನಿಜದಲ್ಲಿ ಆಗುವ ತಪ್ಪು ಇದರ ಉಲ್ಟಾ. ದಿನಕ್ಕೆ ಎರಡೋ ಮೂರೋ ಅಗಿದು, "ಇದೂ ಚಟವಾದೀತು" ಎಂದು ಹತ್ತನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಹನ್ನೆರಡು ವಾರ ಪೂರೈಸಿ. ಕ್ಯಾನ್ಸರ್ ತರುವುದು ಉರಿದ ತಂಬಾಕಿನ ಹೊಗೆ, ಗಮ್ಮಿನಲ್ಲಿರುವುದು ನಿಕೋಟಿನ್ ಮಾತ್ರ.

ಚರ್ಮಕ್ಕೆ ಅಂಟಿಸುವ ಪಟ್ಟಿ 21, 14, 7 ಮಿಲಿಗ್ರಾಂ ಅಳತೆಗಳಲ್ಲಿ ಬರುತ್ತದೆ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರು ಸಾಮಾನ್ಯವಾಗಿ 21ರಿಂದ ಶುರುಮಾಡಿ ಆರು ವಾರ, ಆಮೇಲೆ 14 ಎರಡು ವಾರ, 7 ಎರಡು ವಾರ. ಬೆಳಿಗ್ಗೆ ಸ್ನಾನ ಮುಗಿಸಿ ಮೈ ಚೆನ್ನಾಗಿ ಒರೆಸಿಕೊಂಡು, ಕೂದಲಿಲ್ಲದ ಕಡೆ, ತೋಳಿನ ಮೇಲ್ಭಾಗಕ್ಕೋ ಎದೆಗೋ ಹತ್ತು ಸೆಕೆಂಡು ಒತ್ತಿ ಹಚ್ಚಿ. ಎಣ್ಣೆ ಹಚ್ಚಿದ ಮೈಗೆ ಅಂಟುವುದಿಲ್ಲ. ಅದೇ ಜಾಗಕ್ಕೆ ಒಂದು ವಾರ ಮತ್ತೆ ಹಚ್ಚಬೇಡಿ, ತುರಿಕೆ ಬರುತ್ತದೆ. ರಾತ್ರಿ ವಿಚಿತ್ರ ಕನಸು ಬೀಳುತ್ತಿದ್ದರೆ ಮಲಗುವಾಗ ತೆಗೆಯಿರಿ. ಪಟ್ಟಿ ದಿನವಿಡೀ ಒಂದೇ ಮಟ್ಟ ಕಾಯುತ್ತದೆ, ಹಠಾತ್ತಾಗಿ ಏಳುವ ತಲಬಿಗೆ ಗಮ್. ಒಂದನ್ನೇ ಬಳಸುವುದಕ್ಕಿಂತ ಎರಡೂ ಸೇರಿದರೆ ಫಲ ಹೆಚ್ಚು. ಈ ಜೋಡಿಯ ಪ್ರಮಾಣವನ್ನು ವೈದ್ಯರ ಹತ್ತಿರ ಕೇಳಿ ಗೊತ್ತುಮಾಡಿ.

ನಿಕೋಟಿನ್ ಇಲ್ಲದೆಯೇ ತಲಬು ತಗ್ಗಿಸುವ ವರೆನಿಕ್ಲಿನ್, ಬುಪ್ರೊಪಿಯಾನ್ ಮಾತ್ರೆಗಳು ವೈದ್ಯರ ಚೀಟಿಯ ಮೇಲೆ ಮಾತ್ರ. ವರೆನಿಕ್ಲಿನ್ ಅನ್ನು ಸಾಮಾನ್ಯವಾಗಿ ಬಿಡುವ ದಿನಕ್ಕೆ ಒಂದು ವಾರ ಮೊದಲೇ ಶುರುಮಾಡಿ, ಪ್ರಮಾಣ ಏರಿಸುತ್ತಾ ಹನ್ನೆರಡು ವಾರ ಕೊಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಖಚಿತ ಎಂದೇ ಇಟ್ಟುಕೊಳ್ಳಿ. ಫಿಟ್ಸ್ ಇದ್ದವರಿಗೆ ಬುಪ್ರೊಪಿಯಾನ್ ಸಲ್ಲದು. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು ಗಮ್ಮನ್ನೂ ಕೇಳದೆ ಬಳಸಬಾರದು.

ಇ-ಸಿಗರೇಟು ದೇಶದಲ್ಲಿ 2019ರಿಂದ ನಿಷಿದ್ಧ. "ಗಿಡಮೂಲಿಕೆ ಸಿಗರೇಟು" ಎಂಬುದೂ ಸುಟ್ಟ ಎಲೆಯೇ, ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಅದರಲ್ಲೂ ಇದೆ. ಇನ್ನು ಸಿಗರೇಟು ಬಿಟ್ಟು ಗುಟ್ಕಾಗೋ ಹೊಗೆಸೊಪ್ಪಿಗೋ ಇಳಿಯುವುದು ಬಾಯಿ ಕ್ಯಾನ್ಸರಿನ ದಾರಿ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ವರ್ಗೀಕರಿಸಿದೆ. ಅಡಿಕೆಯ ನಾಡಿನಲ್ಲಿ ಇದನ್ನು ಹೇಳುವುದು ಮುಜುಗರದ ಕೆಲಸ, ಆದರೂ ಹೇಳದೆ ಬಿಡುವಂತಿಲ್ಲ.

ಮೊದಲ ಎರಡು ವಾರ

ಎರಡನೇ, ಮೂರನೇ ದಿನ ಅತಿ ಕಷ್ಟ. ಸಿಡುಕು, ತಲೆನೋವು, ನಿದ್ದೆಗೇಡು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಎಲ್ಲವೂ ಆಗಲೇ ತುತ್ತತುದಿಗೆ ಏರಿ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಒಂದೊಂದು ತಲಬೂ ಕೆಲವೇ ನಿಮಿಷದ್ದು. ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಮುಂದೂಡಿ, ತಣ್ಣೀರು ಗುಟುಕು ಗುಟುಕಾಗಿ ಕುಡಿಯಿರಿ, ಕೂತ ಜಾಗದಿಂದ ಎದ್ದು ನಡೆಯಿರಿ.

ಅಯ್ಯಪ್ಪ ಮಾಲೆ ಹಾಕಿ 41 ದಿನ ಸಿಗರೇಟು ಮುಟ್ಟದವರು ನಮ್ಮ ಸುತ್ತ ಎಷ್ಟಿಲ್ಲ! ಅಷ್ಟು ಹೊತ್ತಿಗೆ ನಿಕೋಟಿನ್ ಬಿಟ್ಟ ಯಾತನೆ ಪೂರ್ತಿ ಮುಗಿದಿರುತ್ತದೆ. ಮಾಲೆ ತೆಗೆದ ಸಂಜೆಯೇ ಮತ್ತೆ ಹಚ್ಚುವುದು ದೇಹದ ಒತ್ತಾಯಕ್ಕಲ್ಲ, 42ನೇ ದಿನಕ್ಕೆ ಯೋಜನೆಯೇ ಇಲ್ಲದ್ದಕ್ಕೆ. ವ್ರತದ ನೆಪದಲ್ಲಿ ಬಿಡುವವರು ತಯಾರಿಯ ವಾರದಲ್ಲಿ ಬರೆಯುವ ಪಟ್ಟಿಯನ್ನು ಮಾಲೆ ತೆಗೆಯುವ ದಿನಕ್ಕೆ ತಯಾರಿಟ್ಟುಕೊಳ್ಳಬೇಕು.

ಕಾಫಿಯ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ತಂಬಾಕಿನ ಹೊಗೆ ಯಕೃತ್ತಿನ ಒಂದು ಕಿಣ್ವವನ್ನು ಚುರುಕಾಗಿಸಿ ಕೆಫೀನನ್ನು ಬೇಗ ಕರಗಿಸುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಕಿಣ್ವ ಮಾಮೂಲಿಗೆ ಮರಳುತ್ತದೆ, ಅದೇ ನಾಲ್ಕು ಲೋಟ ಕಾಫಿ ರಕ್ತದಲ್ಲಿ ಹತ್ತಿರಹತ್ತಿರ ದುಪ್ಪಟ್ಟು ನಿಲ್ಲುತ್ತದೆ. ಕೈ ನಡುಕ, ಎದೆಬಡಿತ, ನಿದ್ದೆ ಬಾರದಿರುವುದು ಶುರುವಾದಾಗ "ಸಿಗರೇಟು ಬಿಟ್ಟಿದ್ದಕ್ಕೇ ಹೀಗೆ" ಎಂದುಕೊಳ್ಳುತ್ತಾರೆ, ಕಾರಣ ಕಾಫಿ. ಬಿಟ್ಟ ದಿನದಿಂದಲೇ ಅರ್ಧಕ್ಕೆ ಇಳಿಸಿ. ಬೈಟು ಕಾಫಿ ಇರುವುದೇ ಇದಕ್ಕೆ. ಮಧ್ಯಾಹ್ನ ಮೂರರ ನಂತರ ಬೇಡ.

ಬೆಳಿಗ್ಗೆ ಸಿಗರೇಟು ಇಲ್ಲದೆ ಹೊಟ್ಟೆ ಖಾಲಿಯಾಗುವುದಿಲ್ಲ ಎಂಬ ದೂರು ಸುಳ್ಳಲ್ಲ, ನಿಕೋಟಿನ್ ಕರುಳನ್ನು ಕೆಣಕುತ್ತದೆ. ಒಂದೆರಡು ವಾರ ಮಲಬದ್ಧತೆ ಇರಬಹುದು. ಎದ್ದೊಡನೆ ಎರಡು ಲೋಟ ಉಗುರುಬೆಚ್ಚಗಿನ ನೀರು, ದಿನಕ್ಕೊಂದು ಸೀಬೆಹಣ್ಣು, ರಾತ್ರಿ ಊಟಕ್ಕೆ ಸೊಪ್ಪು, ಇದರಲ್ಲೂ ಆಗದಿದ್ದರೆ ಇಸಬಗೋಲು ಎರಡು ಚಮಚ ಒಂದು ದೊಡ್ಡ ಲೋಟ ನೀರಿನೊಂದಿಗೆ. ನೀರು ಕಡಿಮೆಯಾದರೆ ಇಸಬಗೋಲು ಮತ್ತಷ್ಟು ಕಟ್ಟಿಹಾಕುತ್ತದೆ.

ಕೆಮ್ಮು ಹೆಚ್ಚಾಗುವುದೂ ಉಂಟು. ಶ್ವಾಸನಾಳದ ಒಳಗಿನ ಸೂಕ್ಷ್ಮ ರೋಮಗಳು ಮತ್ತೆ ಕೆಲಸ ಶುರುಮಾಡಿ ಕಫ ಮೇಲೆ ತಳ್ಳುತ್ತಿರುತ್ತವೆ. ಇವಕ್ಕೆ ಬೆಲ್ಲದ ಸಹಾಯ ಬೇಕಿಲ್ಲ. ಬೆಲ್ಲ ತಿಂದರೆ ಶ್ವಾಸಕೋಶದ ಮಸಿ ತೊಳೆದುಹೋಗುತ್ತದೆ ಎಂಬುದು ಹಳೆಯ ನಂಬಿಕೆ; ನುಂಗಿದ ಬೆಲ್ಲ ಹೋಗುವುದು ಜಠರಕ್ಕೆ.

ಮೊದಲ ಒಂದು ತಿಂಗಳು ಮದ್ಯ ದೂರವಿರಲಿ. ಎಡವಿದವರಲ್ಲಿ ಬಹಳ ಮಂದಿ ಎರಡನೇ ಗ್ಲಾಸಿನ ಹೊತ್ತಿಗೆ ಎಡವಿರುತ್ತಾರೆ. ಒಂದು ಸೇದಿಬಿಟ್ಟರೆ ಉಳಿದ ಪ್ಯಾಕು ಅಲ್ಲೇ ಮುರಿದು ಎಸೆಯಿರಿ, ಗಮ್ ಮುಂದುವರಿಸಿ, ದಿನದ ಎಣಿಕೆ ಸೊನ್ನೆಗೆ ತರಬೇಡಿ. ಆದರೆ "ದಿನಕ್ಕೆ ಒಂದೇ ತಾನೆ" ಎಂದು ಅದನ್ನು ನಿಲ್ಲಿಸಿಕೊಳ್ಳುವುದು ಬೇರೆ ಮಾತು. ದಿನಕ್ಕೊಂದೇ ಸೇದಿದರೂ ಹೃದ್ರೋಗದ ಹೆಚ್ಚುವರಿ ಅಪಾಯ ಇಪ್ಪತ್ತು ಸೇದುವವರ ಅರ್ಧದಷ್ಟಿದೆ, ಇಪ್ಪತ್ತನೇ ಒಂದರಷ್ಟಲ್ಲ.

ಮೂರನೇ ವಾರದಿಂದ ತೂಕ

ಏರುವುದೇಕೆ? ನಿಕೋಟಿನ್ ಹಸಿವು ತಗ್ಗಿಸುತ್ತದೆ, ಜೊತೆಗೆ ದೇಹ ಸುಮ್ಮನೆ ಕೂತಾಗ ಸುಡುವ ಶಕ್ತಿಯನ್ನೂ ತುಸು ಏರಿಸುತ್ತದೆ. ಎರಡೂ ಒಮ್ಮೆಲೇ ನಿಲ್ಲುತ್ತವೆ. ನಾಲಿಗೆಗೆ ರುಚಿ, ಮೂಗಿಗೆ ವಾಸನೆ ಮರಳುತ್ತವೆ, ಮಸಾಲೆ ದೋಸೆಯ ಘಮ ಬೀದಿಯಾಚೆಯಿಂದಲೇ ಕರೆಯುತ್ತದೆ. ಖಾಲಿ ಕೈ ಬಾಯಿಗೆ ಏನನ್ನಾದರೂ ಒಯ್ಯಲು ಹುಡುಕುತ್ತದೆ.

ಲೆಕ್ಕ ಹಾಕಿ ನೋಡಿ. ಸಿಗರೇಟಿನ ಬದಲು ದಿನಕ್ಕೆ ಮೂರು ಟೀ ಹೆಚ್ಚಾಯಿತು, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ: ಸಕ್ಕರೆಯದ್ದೇ 120 ಕ್ಯಾಲೊರಿ. ಸಂಜೆ 50 ಗ್ರಾಂ ಖಾರಾ ಮಿಕ್ಸ್ಚರ್: 250ರ ಮೇಲೆ. ಎರಡು ಪೆಪ್ಪರ್‌ಮಿಂಟು ಸೇರಿಸಿದರೆ ದಿನಕ್ಕೆ 400 ಹೆಚ್ಚು, ತಿಂಗಳಿಗೆ 12,000. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಹಿಡಿದರೆ ತಿಂಗಳಿಗೆ ಒಂದೂವರೆ ಕಿಲೋ. ಊಟದ ತಟ್ಟೆ ಮುಟ್ಟದೆಯೇ ಇಷ್ಟು.

ಹಾಗಾಗಿ ಮೊದಲ ಎರಡು ವಾರದಲ್ಲಿ ಊಟ ಕಡಿಮೆ ಮಾಡದಿದ್ದರೂ ಕೈಗೆ ಸಿಗುವ ತಿಂಡಿ ಯಾವುದು ಎಂಬುದನ್ನು ಬದಲಿಸಿಡಿ. ಜೇಬಿನಲ್ಲಿ ಏಲಕ್ಕಿ, ಲವಂಗ, ಸೋಂಪು. ಮೇಜಿನ ಮೇಲೆ ಸೌತೆಕಾಯಿ, ಕ್ಯಾರೆಟ್ಟು ಉದ್ದುದ್ದ ಹೆಚ್ಚಿದ್ದು. ಬೆರಳ ನಡುವೆ ಹಿಡಿಯಲು ಸಿಗರೇಟಿನ ಗಾತ್ರಕ್ಕೇ ಹೆಚ್ಚಿ. ಸಂಜೆಗೆ ಒಂದು ಹಿಡಿ, ಅಂದರೆ 30 ಗ್ರಾಂ ಹುರಿಗಡಲೆ, ಸುಮಾರು 110 ಕ್ಯಾಲೊರಿ, ಹೊಟ್ಟೆಯೂ ತುಂಬುತ್ತದೆ. ಊಟ ಬಿಡಬೇಡಿ. ಹಸಿದ ಹೊಟ್ಟೆಯಲ್ಲೇ ತಲಬು ಜೋರು.

ಮೂರನೇ ವಾರ ತೂಕ, ಸೊಂಟದ ಸುತ್ತಳತೆ ಎರಡನ್ನೂ ಬರೆದಿಡಿ. ಟೇಪನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಬಿಟ್ಟು ನೋಡಿ. ನಮ್ಮವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ. ತೂಕ ನೋಡುವುದು ವಾರಕ್ಕೊಮ್ಮೆ, ಬೆಳಿಗ್ಗೆ, ಶೌಚವಾದ ಮೇಲೆ. ದಿನಾ ನೋಡಿದರೆ ಉಪ್ಪು-ನೀರಿನ ಏರಿಳಿತವೇ ತಲೆ ಕೆಡಿಸುತ್ತದೆ.

ತಟ್ಟೆಯ ಅರ್ಧ ಪಲ್ಯ, ಸೊಪ್ಪು, ಕೋಸಂಬರಿ. ಕಾಲು ಭಾಗ ಅನ್ನ ಅಥವಾ ಮುದ್ದೆ ಅಥವಾ ಚಪಾತಿ. ಉಳಿದ ಕಾಲಿನಲ್ಲಿ ಕಾಳು, ಗಟ್ಟಿ ಬೇಳೆ, ಮೊಟ್ಟೆ, ಮೀನು. ನಮ್ಮ ಊಟ ಕೆಡುವುದು ಈ ಕೊನೆಯ ಕಾಲಿನಲ್ಲಿ. ತಿಳಿಸಾರಿನಲ್ಲಿ ಬೇಳೆ ಎಷ್ಟಿರುತ್ತದೆ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2,000 ಕ್ಯಾಲೊರಿಯ ದಿನಕ್ಕೆ ಹೇಳುವುದು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ-ಸೊಪ್ಪು, 27 ಗ್ರಾಂ ಎಣ್ಣೆ-ತುಪ್ಪ. ಧಾನ್ಯ, ಕಾಳು ಬೇಯಿಸುವ ಮೊದಲಿನ ತೂಕ. ಎಣ್ಣೆಯನ್ನು ಚಮಚದಲ್ಲಿ ಅಳೆಯುವುದು ಯಾರ ಕೈಲೂ ಆಗದು, ತಿಂಗಳ ಸಾಮಾನಿನಲ್ಲೇ ಅಳೆಯಿರಿ: ನಾಲ್ವರ ಮನೆಗೆ ತುಪ್ಪ-ಬೆಣ್ಣೆಯೂ ಸೇರಿ ಮೂರೂವರೆ ಲೀಟರ್. ಐದು ಲೀಟರಿನ ಕ್ಯಾನು ತಿಂಗಳಿಗೇ ಮುಗಿಯುತ್ತಿದ್ದರೆ ತೂಕದ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ ಬಿರುಸಾದ ನಡಿಗೆ. ಅರ್ಧ ಗಂಟೆಗೆ ಕರಗುವುದು 150 ಕ್ಯಾಲೊರಿಯ ಆಸುಪಾಸು, ಒಂದು ಮೈಸೂರು ಪಾಕಿಗೆ ಅದು ಸಾಲದು. ಆದರೂ ನಡಿಗೆ ಬಿಡಬೇಡಿ. ಅದು ತಲಬನ್ನು ಆ ಕ್ಷಣಕ್ಕೇ ತಗ್ಗಿಸುತ್ತದೆ, ಈ ಹೊತ್ತಿನಲ್ಲಿ ಅದರ ನಿಜವಾದ ಬೆಲೆ ಅದೇ.

ಕಿವಿಗೆ ಬೀಳುವ ಸಲಹೆಗಳು

ಅನ್ನ ಬಿಟ್ಟು ರಾಗಿ ತಿಂದರೆ ತೂಕ ಇಳಿಯುತ್ತದೆಯೇ? 100 ಗ್ರಾಂ ಅಕ್ಕಿಯಲ್ಲಿ 355, ರಾಗಿಯಲ್ಲಿ 320 ಕ್ಯಾಲೊರಿ. ವ್ಯತ್ಯಾಸ ಅಷ್ಟೇ. 70 ಗ್ರಾಂ ಹಿಟ್ಟಿನ ಮುದ್ದೆಗೆ 225 ಆಯಿತು, ಎರಡು ಮುದ್ದೆಯ ಮೇಲೆ ಅನ್ನವನ್ನೂ ಬಡಿಸಿಕೊಂಡರೆ ಲಾಭವಿಲ್ಲ. ರಾಗಿಯ ಹೆಚ್ಚುಗಾರಿಕೆ ಬೇರೆ ಕಡೆ: ಅಕ್ಕಿಯಲ್ಲಿ ಹೆಸರಿಗಷ್ಟೇ ಇರುವ ಕ್ಯಾಲ್ಸಿಯಂ ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು, ನಾರೂ ಚೆನ್ನಾಗಿದೆ. ಅದೇ ರಾಗಿಯನ್ನು ನುಣ್ಣಗೆ ಬೀಸಿ, ಬೆಲ್ಲ ಹಾಕಿ ಮಾಲ್ಟ್ ಮಾಡಿ ಕುಡಿದರೆ ರಕ್ತದ ಸಕ್ಕರೆ ಬೇಗ ಏರುತ್ತದೆ. ಸಿರಿಧಾನ್ಯಗಳ ಮಾತೂ ಹೀಗೆಯೇ, ಒಳ್ಳೆಯ ಧಾನ್ಯ ನಿಜ, ತೂಕ ಇಳಿಸುವ ಮದ್ದಲ್ಲ.

ಬಿಸಿನೀರು, ಜೇನು, ನಿಂಬೆ ಕೊಬ್ಬು ಕರಗಿಸುವುದಿಲ್ಲ. ಒಂದು ದೊಡ್ಡ ಚಮಚ ಜೇನು 60 ಕ್ಯಾಲೊರಿ ಸೇರಿಸುತ್ತದೆ. ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲೊರಿಯಲ್ಲಿ ಗಣನೀಯ ವ್ಯತ್ಯಾಸವಿಲ್ಲ. ರಾತ್ರಿ ಅನ್ನದ ಬದಲು ಚಪಾತಿ ಎನ್ನುವವರು ಸಂಖ್ಯೆ ನೋಡಬೇಕು: ಎಣ್ಣೆ ಸವರಿದ ಮೂರು ಚಪಾತಿ ಒಂದೂವರೆ ಬಟ್ಟಲು ಅನ್ನಕ್ಕಿಂತ ಹಗುರವೇನಲ್ಲ. ತುಪ್ಪ, ಕೊಬ್ಬರಿ ಎಣ್ಣೆ, ಆಲಿವ್ ಎಣ್ಣೆ ಎಲ್ಲಕ್ಕೂ ಗ್ರಾಂಗೆ 9 ಕ್ಯಾಲೊರಿ.

ಒಂದು ತಪ್ಪು ಮಾತ್ರ ನಿಜಕ್ಕೂ ಅಪಾಯಕಾರಿ. ಸೇದುವವರು ಶ್ವಾಸಕೋಶದ ರಕ್ಷಣೆಗೆಂದು ಬೀಟಾ ಕ್ಯಾರೋಟಿನ್ (ಕ್ಯಾರೆಟ್ಟಿನಲ್ಲಿರುವ ಪೋಷಕಾಂಶ) ಮಾತ್ರೆ ನುಂಗುವುದು. 1994ರಲ್ಲಿ ಪ್ರಕಟವಾದ ಫಿನ್‌ಲ್ಯಾಂಡಿನ ಅಧ್ಯಯನದಲ್ಲಿ 29,000ಕ್ಕೂ ಹೆಚ್ಚು ಸೇದುವ ಗಂಡಸರಿದ್ದರು. ದಿನಕ್ಕೆ 20 ಮಿಲಿಗ್ರಾಂ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಹೆಚ್ಚಾಯಿತು. ಕ್ಯಾರೆಟ್ಟು ತಿನ್ನಲು ಹೆದರಬೇಕಿಲ್ಲ, ಮಾತ್ರೆ ಬೇಡ.

"ತೂಕ ಏರುವುದಾದರೆ ಸೇದುವುದೇ ಮೇಲು" ಎಂಬ ವಾದಕ್ಕೂ ಲೆಕ್ಕವಿದೆ. ಬಿಟ್ಟ ಒಂದು ವರ್ಷಕ್ಕೆ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಐದು ಕಿಲೋ ಏರಿದರೂ ಈ ಲಾಭ ಅಳಿಯುವುದಿಲ್ಲ.

ವೈದ್ಯರ ಬಳಿ ಯಾವಾಗ

ಹೊಗೆ ನಿಂತಾಗ ಕಾಫಿಯಂತೆಯೇ ಕೆಲವು ಔಷಧಗಳ ಮಟ್ಟವೂ ರಕ್ತದಲ್ಲಿ ಏರುತ್ತದೆ: ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್. ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಪ್ರಮಾಣವನ್ನೂ ಬದಲಿಸಬೇಕಾಗಬಹುದು. ಇವನ್ನು ತೆಗೆದುಕೊಳ್ಳುವವರು ಬಿಡುವ ದಿನವನ್ನು ವೈದ್ಯರಿಗೆ ಮೊದಲೇ ತಿಳಿಸಿ. ಎರಡು ವಾರ ದಾಟಿಯೂ ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ತೂಕ ಏರಬೇಕಾದ ಈ ತಿಂಗಳುಗಳಲ್ಲಿ ಕಾರಣವಿಲ್ಲದೆ ಇಳಿಯುತ್ತಿದ್ದರೆ, ಕಫದಲ್ಲಿ ರಕ್ತ ಕಂಡರೆ, ಧ್ವನಿ ಮೂರು ವಾರವಾದರೂ ಒಡೆದೇ ಇದ್ದರೆ, ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ ಮಾಯದಿದ್ದರೆ ಕಾಯಬೇಡಿ. ಎರಡು ವಾರ ಮೀರಿದ ಕೆಮ್ಮನ್ನು "ಸಿಗರೇಟು ಬಿಟ್ಟ ಕೆಮ್ಮು" ಎಂದು ತಾವೇ ತೀರ್ಮಾನಿಸದೆ ಕ್ಷಯದ ಪರೀಕ್ಷೆ ಮಾಡಿಸಿಕೊಳ್ಳಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.